ಹೊನ್ನೆಹಟ್ಟಿಯ ಪಾರ್ಕು

ಇದು ದನಿ ತಗ್ಗಿಸಿ ಹೇಳಬೇಕಾದ ಸಂಗತಿ. ಹತ್ತಿರ ಬನ್ನಿ, ಆ ಬಾಗಿಲನ್ನೂ ಸ್ವಲ್ಪ ಮುಂದಕ್ಕೆ ಎಳೆದುಬಿಡಿ. ಗೌಡರ ಮನೆಯವರ ಎದುರು ತುಟಿ ಬಿಚ್ಚುವುದಿಲ್ಲವೆಂದು ಆಣೆ ಇಟ್ಟರೆ ಮಾತ್ರ ಮುಂದಿನ ಮಾತು. ಅವರು ಇವತ್ತಿಗೂ ಪಂಚಾಯಿತಿಯಲ್ಲಿ ಮುಂದಿನ ಕುರ್ಚಿಯವರು.

ಹೊನ್ನೆಹಟ್ಟಿಯಲ್ಲಿ ಬಸ್ಸಿಳಿದು ಬಡಗಲಿಗೆ ತಿರುಗಿದರೆ ದೊಡ್ಡ ಬಯಲೊಂದು ಕಾಣುತ್ತದೆ. ಊರಿನವರೆಲ್ಲ ಅದನ್ನು ಪಾರ್ಕು ಎನ್ನುತ್ತಾರೆ. ಹೊಸಬರು ಮಕ್ಕಳನ್ನು ಕರೆತಂದು ಜಾರುಬಂಡೆ ಎಲ್ಲಿ, ಹೂವಿನ ಗಿಡ ಎಲ್ಲಿ ಎಂದು ಹುಡುಕಿ ಬೇಸ್ತು ಬೀಳುತ್ತಾರೆ. ಅಲ್ಲಿರುವುದು ಒಣಹುಲ್ಲು, ಜಾಲಿ, ವಾಲಿ ನಿಂತ ಕಲ್ಲುಕಂಬಗಳು, ಅಷ್ಟೆ. ಹಿಂದೆ ಒಮ್ಮೆ ಅದಕ್ಕೆ ಹೆಸರೇ ಇರಲಿಲ್ಲ, ಬರೀ ಬಯಲು. ನಸುಕಿನಲ್ಲಿ ಹೆಂಗಸರು ಚೊಂಬು ಹಿಡಿದು ಹೋಗುತ್ತಿದ್ದದ್ದು ಅಲ್ಲಿಗೆ. ಹೋದ ಕೆಲಸ ಗಳಿಗೆಯದು, ಮಾತು ಬೆಳಕು ಹರಿಯುವ ತನಕ. ಯಾರ ಗಂಡ ಯಾರ ಹಿತ್ತಲು ಹಾರಿದ, ಯಾರ ಅತ್ತೆ ತುಪ್ಪದ ಗಡಿಗೆ ಬಚ್ಚಿಟ್ಟಳು, ಎಲ್ಲವೂ ಅಲ್ಲೇ ತೀರ್ಮಾನ. ಗಂಡಸರು ಆ ಹೊತ್ತಿಗೆ ಆ ಕಡೆ ಮುಖ ಮಾಡುತ್ತಿರಲಿಲ್ಲ. ಸೊಸೆಯರು ಕೂರುವ ಕಡೆ ಅತ್ತೆಯರು ಸುಳಿಯಬಾರದೆಂಬುದೂ ಊರಿನ ಕಟ್ಟಳೆ.

ಈ ಕಟ್ಟಳೆ ಗೌಡನ ತಾಯಿ ಸಣ್ಣಹೊನ್ನಮ್ಮನಿಗೆ ಗಂಟಲ ಮುಳ್ಳಾಯಿತು. ಅವಳ ಮಗ ವೀರೇಗೌಡ ಮದುವೆಯಾದರೂ ರಾತ್ರಿ ಮನೆಯಲ್ಲಿ ಮಲಗುತ್ತಿರಲಿಲ್ಲ. ಗಾಣದ ಮನೆಯ ವಿಧವೆಯ ಕಡೆ ಅವನ ಕಾಲು. ಅದು ತನಗೂ ಸೊಸೆ ಲಕ್ಕಮ್ಮನಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲವೆಂದು ಹೊನ್ನಮ್ಮ ನಂಬಿದ್ದಳು. ಆದರೂ ಅವಳು ಬಾವಿಕಟ್ಟೆಗೆ ಬಂದರೆ ಮಾತು ನಿಲ್ಲುತ್ತಿತ್ತು, ಸೆರಗಿನ ಮರೆಯಲ್ಲಿ ನಗು ಏಳುತ್ತಿತ್ತು. ಸಂತೆಗೆ ಹೊರಟರೆ ಎತ್ತುಗಳು ಬೇರೆ ಹಿಂಡಿಯ ವಾಸನೆಗೆ ಆ ಗಾಣದ ಮನೆಯ ಮುಂದೆಯೇ ಮೊಂಡು ಹಿಡಿದು ನಿಂತು ಅವಳ ಮೈ ಉರಿಸುತ್ತಿದ್ದವು. ಮನೆಯಲ್ಲಿ ಮೂಕಿಯಂತಿದ್ದ ಲಕ್ಕಮ್ಮ ಬಯಲಿನಲ್ಲಿ ಬಿದ್ದು ಬಿದ್ದು ನಗುವುದು ಅತ್ತೆಯರ ಮೂಲೆಗೂ ಕೇಳುತ್ತಿತ್ತು. ನನ್ನ ಮಗನ ಮಾನ ಹರಾಜು ಹಾಕಿ ನಗುತ್ತಿದ್ದಾಳೆ ಎಂದು ಮುದುಕಿ ಹಲ್ಲು ಕಡಿದಳು.

"ಅಲ್ಲಿ ಅದೇನು ಮಾತಾಡ್ತೀಯೆ?" ಎಂದರೆ ಸೊಸೆ, "ಏನಿಲ್ಲ ಅತ್ತೆಮ್ಮ" ಎಂದು ಕಸ ಗುಡಿಸುತ್ತಲೇ ಇದ್ದಳು.

"ಏನಿಲ್ಲದ್ದಕ್ಕೆ ಅಷ್ಟು ನಗ್ತಾರೇನೆ?"

ಅದೇ ಕಾಲಕ್ಕೆ ಬಿಳಿಯ ದೊರೆಯೊಬ್ಬ ಬಂದು ಡೇರೆ ಹಾಕಿದ. ಬಯಲಿನಲ್ಲಿ ಮೇಯುವ ಕೃಷ್ಣಮೃಗಗಳ ಮೇಲೆ ಅವನ ಕಣ್ಣು. ಸುತ್ತ ಬೇಲಿ ಎಳೆದು ಪಾರ್ಕು ಮಾಡುತ್ತೇನೆಂದು ಗೌಡನಿಗೆ ಹೇಳಿಕಳಿಸಿದ. ಪಾರ್ಕು ಎಂದರೇನೆಂದು ಊರಿಗೆ ಬಿಡಿಸಿ ಹೇಳಿದವನು ದೊರೆಯ ಬಟ್ಲರ್. ಅವರ ಸೀಮೆಯಲ್ಲಿ ಹಿಂದಿನ ರಾಜರು ಕಾಡು ಬಯಲಿಗೆ ಬೇಲಿ ಹಾಕಿ, ಒಳಗೆ ಜಿಂಕೆ ಸಾಕಿ, ಮನಸ್ಸಾದಾಗ ಹೋಗಿ ಹೊಡೆಯುತ್ತಿದ್ದರಂತೆ. ಆ ಬೇಲಿಯೊಳಗಿನ ಜಾಗಕ್ಕೇ ಪಾರ್ಕು ಎಂದು ಹೆಸರಂತೆ. ಜನ ಬೆಂಚಿನ ಮೇಲೆ ಕೂತು ಗಾಳಿ ಕುಡಿಯುವ ಪಾರ್ಕು ಹುಟ್ಟಿದ್ದು ಎಷ್ಟೋ ಕಾಲದ ಮೇಲೆ, ಬೇಲಿಯ ಬಾಗಿಲು ಎಲ್ಲರಿಗೂ ತೆರೆದ ಮೇಲೆ. ಹೊನ್ನೆಹಟ್ಟಿಯ ಪಾಲಿಗೆ ಬಂದದ್ದು ಮೊದಲಿನ ಅರ್ಥ.

ಹೆಂಗಸರು ಎಲ್ಲಿಗೆ ಹೋಗಬೇಕೆಂದು ವೀರೇಗೌಡ ತಲೆ ಕೆರೆದುಕೊಂಡ. "ತಿಪ್ಪೆ ಹಿಂದೆ ಹೋಗ್ಲಿ. ಕೊಡು ಅಂದ್ರೆ ಕೊಟ್ಬಿಡು" ಎಂದಳು ಹೊನ್ನಮ್ಮ. ಅವನು ತಾಯಿಯ ಮಾತು ಮೀರುವವನಲ್ಲ, ಹೆಂಡತಿಯ ಕೋಣೆಗೆ ಹೋಗು ಎಂಬ ಒಂದು ಮಾತನ್ನು ಬಿಟ್ಟು.

ಕಂಬ ಎದ್ದವು, ಮುಳ್ಳುತಂತಿ ಬಂತು. ಹೆಂಗಸರು ಒಬ್ಬೊಬ್ಬರೇ ತಂತಮ್ಮ ತಿಪ್ಪೆಯ ಮರೆಗೆ ಹೋಗಿ ತಲೆ ತಗ್ಗಿಸಿ ಬಂದರು. ಲಕ್ಕಮ್ಮನಿಗೆ ಅಲ್ಲಿಯೂ ಅತ್ತೆಯದೇ ಕಾವಲು. ಅವಳು ಮೊದಲು ನಗು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ಕಾರ್ತಿಕದ ಒಂದು ನಸುಕಿನಲ್ಲಿ, ಅತ್ತೆಗೆ ಎಚ್ಚರವಾಗುವ ಮುಂಚೆ, ತಂತಿ ಸಡಿಲಿದ್ದ ಎರಡು ಕಂಬಗಳ ನಡುವೆ ನುಸುಳಿ, ಗೆಳತಿಯರೆಲ್ಲ ಕೂರುತ್ತಿದ್ದ ಜಾಗಕ್ಕೆ ಹೋಗಿ ಕೂತಳು. ಯಾರಾದರೂ ಬಂದಾರೆಂದು ಕಾದಿರಬೇಕು. ಮಂಜಿನಲ್ಲಿ ಹುಲ್ಲು ಅಲುಗಿದ್ದನ್ನು ಕಂಡ ದೊರೆ, ಜಿಂಕೆಯೆಂದು ಗುಂಡು ಹೊಡೆದ ಎನ್ನುತ್ತಾರೆ. ಆಮೇಲೆ ಟೋಪಿ ತೆಗೆದು ನಿಂತ, ಗೌಡನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟ, ಡೇರೆ ಕಿತ್ತುಕೊಂಡು ಹೋದ. ಆ ಗಡಿಯಾರ ಈಗಲೂ ಗೌಡರ ನಡುಮನೆಯಲ್ಲಿದೆ. ಕೇಳಿದರೆ ದೊರೆ ಮೆಚ್ಚಿ ಕೊಟ್ಟ ಬಹುಮಾನ ಎನ್ನುತ್ತಾರೆ.

ತಂತಿ ತುಕ್ಕು ಹಿಡಿದು ಉದುರಿತು, ಜಿಂಕೆಗಳೂ ಹೋದವು, ಹೆಸರು ಮಾತ್ರ ಉಳಿಯಿತು. ಹೆಂಗಸರು ಅಲ್ಲಿ ಮತ್ತೆ ಗುಂಪು ಕೂಡಲಿಲ್ಲ. ನೀವೇ ಹೋಗಿ ನೋಡಿ: ಆ ಎರಡು ಕಂಬಗಳ ನಡುವೆ ಹಾಯುವ ಹೆಂಗಸು, ಸೌದೆ ಹೊತ್ತವಳಾಗಲಿ, ಕಾಲೇಜಿಗೆ ಹೋಗುವವಳಾಗಲಿ, ಒಮ್ಮೆ ಗಟ್ಟಿಯಾಗಿ ಕೆಮ್ಮಿಯೇ ಮುಂದೆ ಹೋಗುತ್ತಾಳೆ, ಬರುತ್ತಿರುವುದು ಮನುಷ್ಯಳೆಂದು ತಿಳಿಯಲಿ ಅಂತ. ನೋಡಿದವರು ಧೂಳಿಗೆ ಎಂದುಕೊಳ್ಳುತ್ತಾರೆ.

ಸಣ್ಣಹೊನ್ನಮ್ಮ ಮಾತ್ರ ಆ ಕಂಬಗಳನ್ನು ದಾಟಲೇ ಇಲ್ಲವಂತೆ. ಸಾಯುವ ತನಕ ಅಲ್ಲಿಗೆ ಬಂದು, ನಿಂತು, ಹಿಂದಿರುಗುತ್ತಿದ್ದಳು. ಅದಕ್ಕೆ ಕಾರಣ ಲಕ್ಕಮ್ಮನ ತಿಥಿಯ ದಿನ ಕೇಳಿದ ಮಾತು. ಅಂದು ಬಡಿಸುತ್ತ ಬಡಿಸುತ್ತ ಅವಳು, "ಮನೆ ಗುಟ್ಟು ಬೀದಿಗೆ ಹಾಕಿದ್ಲು, ದೇವರು ನೋಡ್ಕೊಂಡ" ಎಂದಳು. ಬಯಲಿನಲ್ಲಿ ಲಕ್ಕಮ್ಮನ ಪಕ್ಕದಲ್ಲೇ ಕೂರುತ್ತಿದ್ದ ನೆರೆಮನೆಯ ಮೂಡ್ಲಕ್ಕ ಎಲೆಯ ಮುಂದಿನಿಂದ ಎದ್ದು, ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ತವರಿನ ಮೇಕೆ ಅವರಪ್ಪನ ರುಮಾಲು ತಿಂದ ಕತೆ ಹೇಳಿ ನಗೋಳು ದೊಡ್ಡಮ್ಮ. ದಿನಾ ಅದೇ ಕತೆ, ದಿನಾ ನಾವೂ ನಗ್ತಿದ್ವಿ. ನಿನ್ನ ಮನೆ ಮಾತು ಒಂದು ದಿನಾನೂ ಆಡಲಿಲ್ಲ. ನಿನ್ನ ಮಗನ ಸುದ್ದಿ ಊರಿಗೆ ಹೇಳಿದ್ದು ನಿಮ್ಮ ಎತ್ತುಗಳು. ಗಾಡಿ ಯಾರೇ ಹೊಡೀಲಿ, ಆ ಗಾಣದ ಮನೆ ಬಾಗಿಲಲ್ಲಿ ತಾವಾಗೇ ನಿಲ್ತಿದ್ವು."