ಕೊಸರಿನ ಕರಿಬೇವು

ತರಕಾರಿ ಮಾರುವ ನಿಂಗಾಜಮ್ಮನ ತಳ್ಳುಗಾಡಿಯಲ್ಲಿ ತಕ್ಕಡಿಯದೇ ದರ್ಬಾರು. ಕೊಂಡವರಿಗೆ ಕೊಸರು ಕೊಡಲೆಂದು ಮೂಲೆಯಲ್ಲಿಟ್ಟ ಕರಿಬೇವನ್ನು ಕಂಡರೆ ಅದಕ್ಕೆ ತಾತ್ಸಾರ. "ಪುಕ್ಕಟೆ ಹೋಗುವ ನಿನಗೆ ನನ್ನ ತಟ್ಟೆ ಏರುವ ಯೋಗ್ಯತೆ ಇಲ್ಲ" ಎನ್ನುತ್ತಿತ್ತು.

ಅಷ್ಟರಲ್ಲಿ ಕೊರೋನಾ ವಕ್ಕರಿಸಿತು. ತಿಂಗಳುಗಟ್ಟಲೆ ಮನೆಯಲ್ಲಿ ಕೂತ ನಿಂಗಾಜಮ್ಮ ಕೊನೆಗೆ ಮಾಸ್ಕ್ ಕಟ್ಟಿಕೊಂಡು ಬೀದಿಗಿಳಿದರೆ, ಹೆದರಿದ ಜನ ಬಾಗಿಲನ್ನೇ ತೆರೆಯಲಿಲ್ಲ. ಮಾಸ್ಕಿನೊಳಗಿನ ಕೂಗು ಅವಳಿಗೇ ಸರಿಯಾಗಿ ಕೇಳಿಸದು. ತಕ್ಕಡಿ ಝಣಝಣ ಬಡಿದುಕೊಂಡಿತು. ಒಂದು ಕಿಟಕಿಯೂ ಅಲುಗಲಿಲ್ಲ.

"ಇವತ್ತೂ ಬೋಣಿಯಾಗದಿದ್ದರೆ ಗಾಡಿ ಮಾರುವುದೇ ಸೈ" ಎಂದಳು ನಿಂಗಾಜಮ್ಮ.

"ನಾನೊಮ್ಮೆ ನೋಡಲೇ?" ಎಂದು ಕರಿಬೇವು ಗಾಳಿಗೆ ಮೈಬಿಚ್ಚಿತು. ಘಮ ಮಹಡಿ ಹತ್ತಿತು.

ಮೇಲೊಂದು ಕಿಟಕಿ ತೆರೆಯಿತು. "ನಿಂಗಾಜಮ್ಮಾ, ಬಂದ್ಯಾ! ಮೊಬೈಲಲ್ಲಿ ತರಿಸಿದ ತರಕಾರಿಗೆ ಕೊಸರೇ ಇಲ್ಲ ಕಣೇ, ಸಾರೆಲ್ಲ ಸಪ್ಪೆ!" ಎನ್ನುತ್ತ ಆ ಮನೆಯಾಕೆ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದಳು. ಅದನ್ನು ನೋಡಿ ಎದುರು ಮನೆಯಿಂದ ಇನ್ನೊಂದು ಇಳಿಯಿತು. ಬಿಸಿಲೇರುವಷ್ಟರಲ್ಲಿ ಬೀದಿಯುದ್ದಕ್ಕೂ ಬುಟ್ಟಿಗಳೇ ಬುಟ್ಟಿಗಳು.

ತೂಗಿ ತೂಗಿ ಸುಸ್ತಾದ ತಕ್ಕಡಿ ನಾಚುತ್ತ, "ನಾಳೆ ನೀನೂ ತಟ್ಟೆ ಏರಪ್ಪ" ಎಂದಿತು.

"ಬೇಡ ಮಾರಾಯ" ಎಂದು ನಕ್ಕಿತು ಕರಿಬೇವು. "ತೂಗಿದರೆ ನಾನೂ ಬರೀ ಸೊಪ್ಪೇ."