ಬಳೆ ವ್ಯಾಪಾರಿಯ ಮೋಟರ್ ಸೈಕಲ್

“ಬುದ್ಧಿ, ಒಬ್ಬರಿಗೆ ಅನ್ಯಾಯ ಮಾಡಿದವನು ಅವರ ಮುಂದೆ ಹೋಗಿ ನಿಲ್ಲುವ ಮೊದಲು ತನ್ನ ಮನಸ್ಸನ್ನು ಎಷ್ಟು ಶುದ್ಧ ಮಾಡಿಕೊಳ್ಳಬೇಕು?” ಎಂದು ಚೆನ್ನವೀರ ಕೇಳಿದ.

ಮಠದ ಶಿಷ್ಯರಲ್ಲಿ ಚೆನ್ನವೀರನಷ್ಟು ಶ್ರದ್ಧೆಯವನು ಇನ್ನೊಬ್ಬನಿರಲಿಲ್ಲ. ಒಂದು ದಿನವೂ ಬೆಳಗಿನ ಜಪ ತಪ್ಪಿಸಿದವನಲ್ಲ. ಗುರುಗಳು ಓದುತ್ತಿದ್ದ ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು.

“ಯಾಕಪ್ಪ, ನೀನು ಯಾರಿಗಾದರೂ ಅನ್ಯಾಯ ಮಾಡಿದ್ದೀಯಾ?”

“ಮಾಡಿದ್ದೇನೆ ಬುದ್ಧಿ. ಹೋಗಿ ಕ್ಷಮೆ ಕೇಳಬೇಕು. ಆದರೆ ಮನಸ್ಸು ಇನ್ನೂ ಹದಕ್ಕೆ ಬಂದಿಲ್ಲ. ಪೂರ್ತಿ ತಿಳಿಯಾದ ಮೇಲೆ ಹೋಗೋಣ ಎಂದುಕೊಂಡಿದ್ದೇನೆ.”

“ಹಾಗೇ ಮಾಡು. ಅವಸರವೇನು? ಅಲ್ಲಿಯವರೆಗೆ ಒಂದು ಕತೆ ಕೇಳು” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅವನಿಗೊಬ್ಬ ಸ್ನೇಹಿತ. ಆ ಸ್ನೇಹಿತ ಎಣ್ಣೆ ಗಿರಣಿಯಲ್ಲಿ ಲಾರಿ ಡ್ರೈವರ್. ಇಬ್ಬರೂ ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ವ್ಯಾಪಾರಿ ಸಂತೆಯಿಂದ ಸಂತೆಗೆ ಬಳೆ ಪೆಟ್ಟಿಗೆ ಸಾಗಿಸಲು ಒಂದು ಮೋಟರ್ ಸೈಕಲ್ ಕೊಂಡ. ಕೊಂಡದ್ದೇನೋ ಕೊಂಡ, ಓಡಿಸಲು ಬರುತ್ತಿರಲಿಲ್ಲ. ರಜೆಯ ದಿನ ಡ್ರೈವರ್ ಜೊತೆಗೆ ಬಂದು ಓಡಿಸುತ್ತಿದ್ದ. ದಾರಿಯಲ್ಲಿ ಒಂದಿಷ್ಟು ಹೇಳಿಕೊಡುತ್ತಲೂ ಇದ್ದ.

ಒಂದು ದಿನ ಸಂತೆಯಿಂದ ಹಿಂದಿರುಗುವಾಗ ವ್ಯಾಪಾರಿ, ಇವತ್ತು ನಾನೇ ಓಡಿಸುತ್ತೇನೆ ಎಂದು ಹಟ ಹಿಡಿದ. ಡ್ರೈವರ್ ಬೇಡವೆಂದ. ಆಮೇಲೆ ಸ್ನೇಹಿತನ ಮುಖ ನೋಡಿ ಹಿಂದೆ ಕೂತ. ಊರು ಇನ್ನು ಎರಡು ಮೈಲಿ ಇರುವಾಗ ಗಾಡಿ ಮೋರಿಯ ಕಟ್ಟೆಗೆ ಹೊಡೆದು ಹಳ್ಳಕ್ಕೆ ಬಿತ್ತು. ವ್ಯಾಪಾರಿಯ ಮೊಣಕೈ ತರಚಿತು, ಅಷ್ಟೆ. ಡ್ರೈವರನ ಕಾಲು ಗಾಡಿಯ ಕೆಳಗೆ ಸಿಕ್ಕಿ ಎರಡು ಕಡೆ ಮುರಿಯಿತು. ಅವನಿಗೆ ಪ್ರಜ್ಞೆ ಇರಲಿಲ್ಲ.

ಜನ ಓಡಿ ಬಂದರು. ಡ್ರೈವರನ ಅಣ್ಣನೂ ಬಂದ. ಗಾಡಿ ಓಡಿಸುತ್ತಿದ್ದವನು ಯಾರು ಎಂದು ಅವನು ಹಲ್ಲು ಕಡಿಯುತ್ತ ಕೇಳಿದ. ವ್ಯಾಪಾರಿಯ ಬಳಿ ಲೈಸೆನ್ಸ್ ಇರಲಿಲ್ಲ. ಧೈರ್ಯವಂತೂ ಮೊದಲೇ ಇರಲಿಲ್ಲ. “ಅವನೇ” ಎಂದುಬಿಟ್ಟ.

ಎಲ್ಲರೂ ನಂಬಿದರು. ಡ್ರೈವರ್ ಜೊತೆಗಿರುವಾಗ ಬಳೆ ಮಾರುವವನು ಯಾಕೆ ಓಡಿಸುತ್ತಾನೆ? ತನ್ನ ಸುಳ್ಳು ಇಷ್ಟು ಸಲೀಸಾಗಿ ನಡೆದುಹೋದದ್ದು ಕಂಡು ವ್ಯಾಪಾರಿಗೇ ಆಶ್ಚರ್ಯವಾಯಿತು.

ನಾಲ್ಕು ತಿಂಗಳ ಮೇಲೆ ಡ್ರೈವರ್ ಎದ್ದು ಓಡಾಡಿದ. ಸ್ವಲ್ಪ ಕುಂಟು ಉಳಿಯಿತು. ಆದರೂ ಕಾಲಿನಲ್ಲಿ ಶಕ್ತಿ ಇತ್ತು, ಲಾರಿ ಓಡಿಸಲು ಏನೂ ತೊಂದರೆ ಇರಲಿಲ್ಲ. ಗಿರಣಿಗೆ ಹೋದ. ಮಾಲೀಕ ಒಳ್ಳೆಯ ಮನುಷ್ಯನೇ. ಆದರೂ, ಒಂದು ಮೋಟರ್ ಸೈಕಲ್ಲನ್ನು ನೆಟ್ಟಗೆ ಊರಿಗೆ ತರಲಾಗದವನ ಕೈಗೆ ಲಾರಿ ಹೇಗೆ ಕೊಡಲಿ ಎಂದ. ಪಾಪ ಎಂದು ಗೇಟಿನ ಕಾವಲು ಕೆಲಸ ಕೊಟ್ಟ. ಲಾರಿ ಓಡಿಸುತ್ತಿದ್ದವನು ಲಾರಿಗಳಿಗೆ ಗೇಟು ತೆಗೆಯುವವನಾದ.

ಓಡಿಸಿದ್ದು ನಾನಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ. ನನಗೂ ಇದು ಅರ್ಥವಾಗದ ಸಂಗತಿಯಾಗಿತ್ತು, ಚೆನ್ನವೀರ. ಬಹಳ ಕಾಲದ ಮೇಲೆ ತಿಳಿಯಿತು. ಹೇಳಬೇಕಾದವನು ತಾನಾಗಿ ಬಂದು ಹೇಳಲಿ ಎಂದು ಅವನು ಕಾಯುತ್ತಿದ್ದ. ಸ್ನೇಹಿತನಲ್ಲವೇ, ಇಂದಲ್ಲ ನಾಳೆ ಬಂದೇ ಬರುತ್ತಾನೆ ಎಂದು ಅವನಿಗೆ ನಂಬಿಕೆ ಇತ್ತು.

ವ್ಯಾಪಾರಿ ಹೋಗಲಿಲ್ಲ. ಮೋಟರ್ ಸೈಕಲ್ಲನ್ನು ಹಿತ್ತಲಿನ ತಗಡಿನ ಶೆಡ್ಡಿಗೆ ತಳ್ಳಿ, ಬಸ್ಸಿನಲ್ಲಿ ಸಂತೆಗೆ ಹೋಗತೊಡಗಿದ. ಗಿರಣಿಯ ಮುಂದಿನ ರಸ್ತೆ ಬಿಟ್ಟು ಕೆರೆಯ ಏರಿಯ ಮೇಲಿನಿಂದ ಸುತ್ತಿ ಬಳಸಿ ಓಡಾಡಿದ. ಇಪ್ಪತ್ತೊಂದು ವರ್ಷ ಹೀಗೆಯೇ ಕಳೆಯಿತು. ಒಂದು ಊರಿನಲ್ಲಿದ್ದುಕೊಂಡು ಒಬ್ಬನ ಕಣ್ಣಿಗೆ ಬೀಳದೆ ಇಪ್ಪತ್ತೊಂದು ವರ್ಷ ಬದುಕಬೇಕಾದರೆ ಎಷ್ಟು ಕಷ್ಟಪಡಬೇಕು, ನೀನೇ ಯೋಚಿಸು. ಆ ಕಷ್ಟದಲ್ಲಿ ಕಾಲು ಭಾಗ ಸಾಕಿತ್ತು, ನಿಜ ಹೇಳಿ ಮುಗಿಸಲು.

ಒಂದು ದಿನ ಗುಜರಿಯವನು ಬೀದಿಯಲ್ಲಿ ಕೂಗುತ್ತ ಬಂದ. ವ್ಯಾಪಾರಿಯ ಹೆಂಡತಿ ಅವನನ್ನು ಶೆಡ್ಡಿಗೆ ಕರೆದು ತುಕ್ಕು ಹಿಡಿದ ಗಾಡಿಯನ್ನು ತೋರಿಸಿದಳು. ವ್ಯಾಪಾರಿ ಓಡಿ ಬಂದು ಅಡ್ಡ ನಿಂತ. ಇದನ್ನು ಕೊಡುವುದಿಲ್ಲ ಎಂದ. ಆ ದಿನ ಅವನಿಗೆ ನಿಜವಾಗಿಯೂ ಅಳು ಬಂತು. ಶೆಡ್ಡಿನಲ್ಲೇ ಕೂತು ಒಂದು ತೀರ್ಮಾನ ಮಾಡಿದ. ಈ ಗಾಡಿಯನ್ನು ನನ್ನ ಕೈಯಾರೆ ಹೊಸದರ ಹಾಗೆ ಮಾಡುತ್ತೇನೆ. ಆಯುಧಪೂಜೆಯ ದಿನ ಅವನ ಬಾಗಿಲಿಗೆ ತೆಗೆದುಕೊಂಡು ಹೋಗುತ್ತೇನೆ. ಬೀದಿಯವರೆಲ್ಲ ಕೇಳುವ ಹಾಗೆ ನಿಜ ಹೇಳಿಬಿಡುತ್ತೇನೆ.

ತೀರ್ಮಾನ ಚೆನ್ನಾಗಿತ್ತು. ಅದರ ಮೊದಲ ಭಾಗಕ್ಕೆ ಅವನು ಅಂದೇ ಕೈ ಹಾಕಿದ.

ಸೀಟಿನ ಒಳಗೆ ಇಲಿ ಮರಿ ಹಾಕಿತ್ತು. ಎಂಜಿನ್ನು ಕಚ್ಚಿ ಹಿಡಿದುಕೊಂಡಿತ್ತು. ಅದಕ್ಕೆ ಎಣ್ಣೆ ಬಿಟ್ಟು ಎಂಟು ದಿನ ಕಾದ. ಒಂದೊಂದೇ ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ತಂತಿ ಬ್ರಷ್ಷಿನಿಂದ ಕೆರೆದ, ಉಪ್ಪುಕಾಗದದಿಂದ ಉಜ್ಜಿದ. ಪೆಟ್ರೋಲ್ ಟ್ಯಾಂಕಿನೊಳಗೆ ಸಣ್ಣ ಜಲ್ಲಿ ಹಾಕಿ ಮಗುವನ್ನು ತೂಗುವ ಹಾಗೆ ಗಂಟೆಗಟ್ಟಲೆ ಅಲ್ಲಾಡಿಸಿದ. ಒಳಗಿನ ತುಕ್ಕು ಕೆಂಪು ನೀರಾಗಿ ಸುರಿಯಿತು. ಅದು ಸುರಿಯುವಾಗ ತನ್ನ ಪಾಪವೂ ಸುರಿದುಹೋದಂತೆ ಅವನಿಗೆ ಅನಿಸಿತು. ತುಕ್ಕಿಗೆ ಜಲ್ಲಿ ಸಾಕು, ಪಾಪಕ್ಕೂ ಸಾಕೆಂದು ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ.

ಟ್ಯಾಂಕಿನ ಮುಚ್ಚಳ ಮಾತ್ರ ಇರಲಿಲ್ಲ. ಗಾಡಿ ಹಳ್ಳಕ್ಕೆ ಬಿದ್ದ ದಿನವೇ ಎಲ್ಲೋ ಹಾರಿಹೋಗಿತ್ತು. ಆ ಗಾಡಿಯ ಕಂಪನಿ ಎಂದೋ ಮುಚ್ಚಿದ್ದರಿಂದ ಅಂಥ ಮುಚ್ಚಳ ಅಂಗಡಿಯಲ್ಲಿ ಸಿಗುವಂತಿರಲಿಲ್ಲ. ವ್ಯಾಪಾರಿ ಊರೂರಿನ ಗುಜರಿ ಅಂಗಡಿಗಳನ್ನು ತಿರುಗಿದ. ಸಿಗದೆ, ಕೊನೆಗೆ ಲೇತಿನವನಿಂದ ಹಿತ್ತಾಳೆಯಲ್ಲಿ ಒಂದನ್ನು ಮಾಡಿಸಿದ.

ಮೊದಲ ವರ್ಷದ ಆಯುಧಪೂಜೆ ಬಂತು. ಗಾಲಿಯ ಕಡ್ಡಿಗಳಿಗೆ ಇನ್ನೂ ಹೊಳಪು ಬಂದಿರಲಿಲ್ಲ. ಮುಂದಿನ ವರ್ಷ ನೋಡೋಣ ಎಂದ. ಎರಡನೆಯ ವರ್ಷ ಬಣ್ಣ ಒಂದು ಕಡೆ ಗುಳ್ಳೆ ಎದ್ದಿತ್ತು. ಇಂಥ ಗಾಡಿಯನ್ನು ಹೇಗೆ ತೆಗೆದುಕೊಂಡು ಹೋಗಲಿ ಎಂದು ಎಲ್ಲವನ್ನೂ ಕೆರೆದು ಮತ್ತೆ ಹಚ್ಚಿದ.

ಆ ನಡುವೆ ಗಿರಣಿಗೆ ಹೊಸ ಲಾರಿ ಬಂತು. ಗೇಟು ಕಾಯುವವನು ಆಸೆ ತಡೆಯಲಾರದೆ ಮಾಲೀಕನ ಬಳಿ ಹೋಗಿ, ಒಂದೇ ಒಂದು ಸಲ ಕೊಟ್ಟು ನೋಡಿ ಎಂದು ಕೈ ಮುಗಿದು ಕೇಳಿದ. ಎರಡು ದಿನ ಬಿಟ್ಟು ಹೇಳುತ್ತೇನೆ ಎಂದು ಮಾಲೀಕ ಹೇಳಿ ಕಳಿಸಿದ. ಈ ಸುದ್ದಿ ವ್ಯಾಪಾರಿಗೆ ಮುಟ್ಟಿತು. ಆಗ ಅವನು ಮಡ್‌ಗಾರ್ಡಿಗೆ ಎರಡನೆಯ ಸಲ ಬಣ್ಣ ಹಚ್ಚುತ್ತಿದ್ದ. ಈಗಲೇ ಎದ್ದು ಹೋಗಿ ಮಾಲೀಕನಿಗೆ ಒಂದು ಮಾತು ಹೇಳಬೇಕು ಎಂದು ಅವನಿಗೆ ಅನಿಸಿತು. ಆದರೆ ಅರ್ಧಕ್ಕೆ ಬಿಟ್ಟು ಎದ್ದರೆ ಬಣ್ಣದ ಮೇಲೆ ಗೆರೆ ಬೀಳುತ್ತದೆ. ಆ ದಿನ ಹಚ್ಚಿ ಮುಗಿಸಿದ. ಮರುದಿನ ಒಣಗುವ ತನಕ ಧೂಳು ಬೀಳದಂತೆ ಕಾದ. ಮೂರನೆಯ ದಿನ ಲಾರಿ ಬೇರೊಬ್ಬನ ಕೈಗೆ ಹೋಯಿತು.

ಮೂರನೆಯ ಆಯುಧಪೂಜೆಗೆ ಗಾಡಿ ಸಿದ್ಧವಾಯಿತು. ಕಂಡವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ವ್ಯಾಪಾರಿ ಅದಕ್ಕೆ ಚೆಂಡು ಹೂವಿನ ಹಾರ ಹಾಕಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಸ್ನೇಹಿತನ ಬೀದಿಗೆ ತಳ್ಳಿಕೊಂಡು ಹೋದ. ಅಲ್ಲಿ ಎಲ್ಲರೂ ಮನೆಯ ಮುಂದೆ ತಮ್ಮ ತಮ್ಮ ಗಾಡಿ ತೊಳೆದು ಪೂಜೆ ಮಾಡುತ್ತಿದ್ದರು. ಗೇಟು ಕಾಯುವವನೂ ಪೂಜೆಗೆ ಕೂತಿದ್ದ. ಅವನ ಮುಂದೆ ಒಂದು ಮಣೆ. ಮಣೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟ ಒಂದು ಹಳೆಯ ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ವರ್ಷ ವರ್ಷದ ಕುಂಕುಮ ಅದರ ಮೇಲೆ ಪದರವಾಗಿ ಕೂತಿತ್ತು.

ವ್ಯಾಪಾರಿ ಅದನ್ನೇ ನೋಡುತ್ತ ನಿಂತ.

“ಅವತ್ತು ನನ್ನ ಟವಲ್ಲು, ಮೆಟ್ಟು ಎಲ್ಲ ಗಂಟು ಕಟ್ಟಿ ಮನೆಗೆ ತಂದಿದ್ರು. ಅದ್ರಲ್ಲಿ ಇದೂ ಇತ್ತು” ಎಂದ ಸ್ನೇಹಿತ. “ನಮ್ಮನೇಲಿ ಪೂಜೆಗೆ ಅಂತ ಇರೋ ಗಾಡಿ ಇಷ್ಟೇ ಕಣಯ್ಯ. ನೀನು ಮುಚ್ಚಳ ಹುಡ್ಕೊಂಡು ಊರೂರು ತಿರುಗ್ತಿದ್ದೀಯ ಅಂತ ಲಾರಿಯೋರು ಹೇಳ್ತಿದ್ರು. ಇದನ್ನ ಕೇಳೋಕಾದ್ರೂ ಬತ್ತೀಯ ಅಂದ್ಕೊಂಡೆ.”

ವ್ಯಾಪಾರಿ ಮೂರು ವರ್ಷದಿಂದ ಬಾಯಿಪಾಠ ಮಾಡಿದ ಮಾತು ಒಂದೂ ಹೊರಗೆ ಬರಲಿಲ್ಲ. ಅಕ್ಕಪಕ್ಕದವರು ಗಾಡಿ ನೋಡಲು ಸುತ್ತ ಸೇರಿದ್ದರು. ಅವನು ಹೇಗೋ, “ಬಾ, ಹತ್ತು. ಒಂದು ಸುತ್ತು ಹೋಗ್ಬರಾಣ” ಎಂದ.

“ಓಡಿಸೋರು ಯಾರು?” ಎಂದು ಸ್ನೇಹಿತ ಕೇಳಿದ.

ನೋಡು ಚೆನ್ನವೀರ, ದೇವರು ಎಷ್ಟು ಹತ್ತಿರ ಬಂದು ನಿಂತ. ವ್ಯಾಪಾರಿಗೆ ಏನನ್ನೂ ಜೋಡಿಸಿ ಹೇಳುವ ಕೆಲಸವೇ ಇರಲಿಲ್ಲ. ಅವತ್ತು ಓಡಿಸಿದವನು ನಾನು ಎಂದಿದ್ದರೆ ಮುಗಿದುಹೋಗುತ್ತಿತ್ತು. ವ್ಯಾಪಾರಿ ಬೀಗದ ಕೈ ತೆಗೆದು ಸ್ನೇಹಿತನ ಮುಂದೆ ಹಿಡಿದ. ದೊಡ್ಡದೊಂದು ಉಡುಗೊರೆ ಕೊಡುತ್ತಿದ್ದೇನೆ ಎಂದೇ ಅವನ ಭಾವನೆ.

“ನೀನೇ ಓಡಿಸು” ಎಂದ.

ಸ್ನೇಹಿತ ಅವನ ಮುಖವನ್ನು ಬಹಳ ಹೊತ್ತು ನೋಡಿದ.

“ಅವತ್ತೂ ನಾನೇ ಅಲ್ವಾ ಓಡಿಸಿದ್ದು?” ಎಂದ.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಕೊಡಬೇಡಪ್ಪ, ಇನ್ನೊಂದು ಕಾಲೂ ಹೋದೀತು ಎಂದು ಒಬ್ಬ ತಮಾಷೆ ಮಾಡಿದ. ವ್ಯಾಪಾರಿಯೂ ನಕ್ಕ. ನಗು ಬಂದಿರಲಿಲ್ಲ, ಆದರೂ ನಕ್ಕ. ಇಪ್ಪತ್ತನಾಲ್ಕು ವರ್ಷದ ಹಿಂದೆ ಹೇಳಿದ್ದ ಸುಳ್ಳನ್ನು ಆ ನಗುವಿನಲ್ಲಿ ಇನ್ನೊಮ್ಮೆ ಹೇಳಿದ. ಮೊದಲನೆಯ ಸಲ ಭಯಕ್ಕೆ ಹೇಳಿದ್ದ. ಆಗ ಸ್ನೇಹಿತನಿಗೆ ಪ್ರಜ್ಞೆಯೂ ಇರಲಿಲ್ಲ. ಈ ಸಲ ಅವನು ಎದುರಿಗೇ ನಿಂತು ನೋಡುತ್ತಿದ್ದ.

ಸ್ನೇಹಿತ ಬಗ್ಗಿ ಮಣೆಯ ಮೇಲಿನ ಮುಚ್ಚಳ ಎತ್ತಿಕೊಂಡ. ಟವಲ್ಲಿನ ತುದಿಯಿಂದ ಕುಂಕುಮವನ್ನೆಲ್ಲ ಒರೆಸಿದ. ಅದನ್ನು ವ್ಯಾಪಾರಿಯ ಕೈಯಲ್ಲಿಟ್ಟು, ಕುಂಟುತ್ತ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಚೆನ್ನವೀರ, “ಆಮೇಲಾದರೂ ಹೇಳಿದನೇ ಬುದ್ಧಿ?” ಎಂದು ಕೇಳಿದ.

“ಹೇಳಿದ. ನನ್ನ ಹತ್ತಿರ ಬಂದು ಹೇಳಿದ. ಇದೇ ಕಂಬಕ್ಕೆ ಒರಗಿಕೊಂಡು ಅತ್ತ. ನಾನು ಆಗ ಪಟ್ಟಕ್ಕೆ ಬಂದ ಹೊಸದು. ಅಳುವವರನ್ನು ಸಮಾಧಾನ ಮಾಡುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಮನಸ್ಸಿನಲ್ಲೇ ಕ್ಷಮೆ ಕೇಳಿಕೊ, ದೇವರಿಗೆ ಗೊತ್ತಾಗುತ್ತದೆ ಎಂದು ವಿಭೂತಿ ಕೊಟ್ಟು ಕಳಿಸಿದೆ. ದೇವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಗಿರಣಿ ಮಾಲೀಕನಿಗೆ. ಆ ದಿನವೇ ವ್ಯಾಪಾರಿಯ ರಟ್ಟೆ ಹಿಡಿದು ಗಿರಣಿಯ ಮುಂದೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನನಗೆ ಈಗಲೂ ಅದು ಚುಚ್ಚುತ್ತದೆ. ಮೂರು ವರ್ಷದಲ್ಲಿ ಮಾಲೀಕ ತೀರಿಕೊಂಡ, ಗಿರಣಿ ಮುಚ್ಚಿತು. ಈಗ ಆ ಊರಿನಲ್ಲಿ ನಿಜ ಹೇಳಿದರೆ, ಹೌದಾ ಎಂದು ಕೇಳಿ ಎದ್ದು ಹೋಗುತ್ತಾರೆ. ಗೇಟು ಕಾಯುತ್ತಿದ್ದವನಿಗೆ ಈಗ ಕಣ್ಣು ಮಂಜು. ಮೋಟರ್ ಸೈಕಲ್ ಮಾತ್ರ ಚೆನ್ನಾಗಿದೆ. ಮದುವೆ ಮೆರವಣಿಗೆಗೆ ಬೇಕೆಂದು ಜನ ಕೇಳಿಕೊಂಡು ಬರುತ್ತಾರೆ.”

ಚೆನ್ನವೀರನ ಕಣ್ಣು ತುಂಬಿ ಬಂತು. ಅವನು ಕೈ ಮುಗಿದ.

“ಬುದ್ಧಿ, ನನ್ನ ಮನಸ್ಸಿನಲ್ಲೂ ಅಂಥದೇ ತುಕ್ಕು ಇದೆ. ಅದನ್ನು ಹೇಗೆ ತೊಳೆಯಲಿ, ಅಪ್ಪಣೆ ಕೊಡಿ. ಇನ್ನೂ ಕಠಿಣವಾದ ವ್ರತವಿದ್ದರೂ ಮಾಡುತ್ತೇನೆ. ಈ ಭಾರ ಹೊತ್ತು ನನಗೆ ಸಾಕಾಗಿದೆ. ನನಗೆ ನಿದ್ದೆ ಇಲ್ಲ, ನನಗೆ ಊಟ ರುಚಿಸುವುದಿಲ್ಲ, ಜಪಕ್ಕೆ ಕೂತರೆ ನನ್ನ ತಪ್ಪೇ ಎದುರಿಗೆ ಬರುತ್ತದೆ.”

ಗುರುಗಳು ಪತ್ರಿಕೆಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದರು:

“ಇಷ್ಟು ಹೊತ್ತು ನೀನು ಮಾತಾಡಿದೆ, ಅನ್ಯಾಯವಾದದ್ದು ಯಾರಿಗೆ ಅನ್ನುವುದನ್ನು ಇನ್ನೂ ಹೇಳಲೇ ಇಲ್ಲ.”