ಗಂಗಮ್ಮನ ಗಿಂಡಿಗೆ ಅರಗು ಬಳಿಸಿದ ರಾಣಿ

ದೀಪದ ಬತ್ತಿ ಮುಂದಕ್ಕೆ ನೂಕಿ, ಅಕ್ಷತೆ ಕೈಯಲ್ಲಿ ಹಿಡಿದು, ಮನಸ್ಸಿಟ್ಟು ಕೇಳಿರಿ. ಪಾನಕದ ಪಾತ್ರೆಯ ಮೇಲೆ ಕಣ್ಣಿಟ್ಟವರೂ ಕೇಳಿರಿ, ಅದೆಲ್ಲೂ ಓಡಿಹೋಗುವುದಿಲ್ಲ.

ಪೂರ್ವಕಾಲದಲ್ಲಿ ಮಣಿಮಂತವೆಂಬ ಪಟ್ಟಣವಿತ್ತು. ಅಲ್ಲಿ ವೈಶಾಖ ಬಂತೆಂದರೆ ಕುಂಬಾರರ ಮಾಳವ್ವ ಮನೆಮನೆಗೂ ಮೂತಿಯಿರುವ ಪುಟ್ಟ ಮಣ್ಣಿನ ಗಿಂಡಿಯೊಂದನ್ನು ಕೊಟ್ಟು ಹೋಗುವಳು. ಮನೆಯೊಡತಿ ಅದಕ್ಕೆ ಬಾವಿಯ ನೀರು ತುಂಬಿ, ಗಂಗಮ್ಮನೆಂದು ಪೂಜಿಸಿ, ಬಾಗಿಲಿಗೆ ಬಂದವರಿಗೆ ಮೊದಲು ಕುಡಿಸಿ, ಉಳಿದದ್ದನ್ನು ಮನೆಯವರಿಗೆ ಕೊಡುವಳು. ಇದೇ ವ್ರತ.

ಆ ಊರಿನ ರಾಣಿ ಕನಕಾಂಗಿಗೆ ಎಲ್ಲವೂ ಇತ್ತು, ಹೆಮ್ಮೆಯಂತೂ ಒಂದು ಹಿಡಿ ಹೆಚ್ಚೇ ಇತ್ತು. ಪೂಜೆಗಿಟ್ಟ ಗಿಂಡಿ ಮೈತುಂಬ ಬೆವರಿ ಅವಳ ಹೊಸ ರೇಷ್ಮೆಯ ಹಾಸು ಒದ್ದೆಯಾಗಲು, ಸಿಟ್ಟುಗೊಂಡು, ಅರಗಿನ ಕೆಲಸದವನನ್ನು ಕರೆಸಿ, ಗಿಂಡಿಯ ಒಳಗೂ ಹೊರಗೂ ಕೆಂಪು ಅರಗು ಬಳಿಸಿದಳು. "ತಾಯೀ, ಮಣ್ಣು ಬೆವರಿದರಲ್ಲವೇ ನೀರು ತಣ್ಣಗಾಗುವುದು? ಅದರ ಮೈ ಮುಚ್ಚಬೇಡಿ" ಎಂದು ಮಾಳವ್ವ ಕೈಮುಗಿದರೆ, "ಮಣ್ಣು ತುಳಿಯುವವಳು ನನಗೆ ಶಾಸ್ತ್ರ ಹೇಳುತ್ತೀಯಾ?" ಎಂದು ಅಟ್ಟಿದಳು. ವಿನಾಶಕಾಲಕ್ಕೆ ವಿಪರೀತ ಬುದ್ಧಿ ಎಂದು ಹಿರಿಯರು ಸುಮ್ಮನೆ ಹೇಳಿದರೇ!

ಅದೇ ಮಧ್ಯಾಹ್ನ ಗಂಗಮ್ಮನೇ ಮುದುಕಿಯ ರೂಪದಲ್ಲಿ ಬಂದು ನೀರು ಕೇಳಿದಳು. ರಾಣಿ ಆ ಅರಗಿನ ಗಿಂಡಿಯಿಂದ ಬಾಯಿಗೆ ಬಿಟ್ಟರೆ ಸ್ನಾನದ ನೀರಿನಷ್ಟು ಬಿಸಿ! ಮುದುಕಿ ಉಗುಳಿ ಹೊರಟುಹೋದಳು. ಅಂದಿನಿಂದ ಅರಮನೆಯ ಯಾವ ಪಾತ್ರೆಗೆ ತುಂಬಿದರೂ ನೀರು ಸುಡತೊಡಗಿತು. ಐದು ವರ್ಷದ ರಾಜಕುಮಾರಿ ಇಂದುಲೇಖೆಗೆ ಜ್ವರ ಏರಿತು. ಬೆಳ್ಳಿಯ ತಂಬಿಗೆ ತಂದರೂ ಚಿನ್ನದ ಬಟ್ಟಲು ತಂದರೂ ಮಗು ತುಟಿ ಸುಟ್ಟುಕೊಂಡು ಮುಖ ತಿರುಗಿಸಿತು. ಮೂರನೆಯ ದಿನ ಕಣ್ಣನ್ನೇ ತೆರೆಯಲಿಲ್ಲ.

ಆಗ ರಾಣಿ ಪಲ್ಲಕ್ಕಿಯನ್ನೂ ಕರೆಯದೆ, ಕೆರವನ್ನೂ ಮೆಟ್ಟದೆ, ಕಾದ ಬೀದಿಯಲ್ಲಿ ಓಡಿದಳು, ಓಡಿದಳು, ಕುಂಬಾರಗೇರಿಯವರೆಗೂ ಓಡಿ ಮಾಳವ್ವನ ಕಾಲಿಗೆ ಬಿದ್ದಳು. ಮಾಳವ್ವ ಒಂದು ಚುಚ್ಚುಮಾತೂ ಆಡಲಿಲ್ಲ. ಮನೆಯಲ್ಲಿ ಉಳಿದಿದ್ದ ಒಂದೇ ಗಿಂಡಿಗೆ ನೀರು ತುಂಬಿ, ಅದು ಚೆನ್ನಾಗಿ ಬೆವರುವತನಕ ಕಾದು, ಅವಳ ಕೈಗಿತ್ತಳು.

ತಿರುಗಿ ಬಂದರೆ ಅರಮನೆಯ ಬಾಗಿಲಲ್ಲಿ ಅದೇ ಮುದುಕಿ! "ಬಾಯಾರಿದೆ ಮಗಳೇ" ಎಂದಳು. ಒಳಗೆ ಮಗು, ಹೊರಗೆ ಮುದುಕಿ, ಕೈಯಲ್ಲಿ ಅಂಗೈಯಗಲದ ಗಿಂಡಿ. ಆದರೂ ರಾಣಿ ವ್ರತವನ್ನು ನೆನೆದು ಮುದುಕಿಗೇ ಮೊದಲು ಸುರಿದಳು. ಆಕೆ ಗಟಗಟನೆ ಕುಡಿದಳು, ಸಾಕೆನ್ನಲೇ ಇಲ್ಲ! ಕೊನೆಗೆ ಒಂದೇ ಒಂದು ಗುಟುಕು ಉಳಿದಾಗ ಕೈಯೊಡ್ಡಿ ತಡೆದು, ಮಗುವಿನ ಹೆಸರು ಹಿಡಿದು ಹರಸಿ, ಕಣ್ಣೆದುರಿಗೇ ಮಾಯವಾದಳು. ಆ ಗುಟುಕು ತುಟಿಗೆ ಬೀಳುತ್ತಲೇ ಇಂದುಲೇಖೆ ಕಣ್ಣು ಬಿಟ್ಟು, "ಅಮ್ಮಾ, ಇನ್ನೂ ಬೇಕು" ಎಂದಳು. ಅರಮನೆಯ ನೀರೆಲ್ಲ ತಣ್ಣಗಾಯಿತು.

ಮುಂದೆ ಕನಕಾಂಗಿ ಪ್ರತಿ ವೈಶಾಖದಲ್ಲೂ ಗಿಂಡಿಯನ್ನು ಆ ರೇಷ್ಮೆಯ ಹಾಸಿನ ಮೇಲೆಯೇ ಇಟ್ಟು, ಹಾಸು ಒದ್ದೆಯಾದಷ್ಟೂ ಹಿಗ್ಗಿ, ದಾರಿದಾರಿಗೆ ಅರವಟಿಗೆ ಇಡಿಸಿ, ಮಕ್ಕಳು ಮೊಮ್ಮಕ್ಕಳೊಡನೆ ಸುಖವಾಗಿ ಬಾಳಿದಳು.

ಈ ಕಥೆ ಹೇಳಿದವರಿಗೂ ಕೇಳಿದವರಿಗೂ, ನಡುವೆ ತೂಕಡಿಸಿ ಎಚ್ಚೆತ್ತವರಿಗೂ, ಕನಕಾಂಗಿಗೆ ದೊರೆತ ಫಲವೇ ದೊರೆಯಲಿ, ಅವರ ಮನೆಯ ಮಕ್ಕಳ ಬಾಯಿ ಎಂದೂ ಒಣಗದಿರಲಿ. ಅಕ್ಷತೆ ಹಾಕಿರಿ. ಪಾನಕಕ್ಕೆ ಕೈ ಚಾಚುವ ಮೊದಲು ಯಾರಾದರೊಬ್ಬರು ಎದ್ದು, ಬಾಗಿಲಲ್ಲಿ ಯಾರು ನಿಂತಿದ್ದಾರೆ ನೋಡಿ ಬನ್ನಿರಿ.